ಖಿನ್ನತೆ ಅಂದ್ರ ಏನ್ರೀ?

ಖಿನ್ನತೆ, ಆತಂಕ, ಗೀಳು, ಸುಪ್ತ ಮನಸ್ಸು... ಪತ್ರಿಕೆಯ ಆರೋಗ್ಯ ಪುಟದಲ್ಲಿ ಇವನ್ನೆಲ್ಲ ಓದುತ್ತಲೇ ಇರುತ್ತೇವೆ. ನಮ್ಮ ಹುಲಸೂರಿನ ಮಾತಿನಲ್ಲಿ ಮಾತ್ರ ಈ ಪದಗಳು ಅಪರೂಪ. ಕನ್ನಡ, ಮರಾಠಿ, ಉರ್ದು ಮೂರೂ ಕೂಡಿದ ಆ ಮಾತಿನಲ್ಲಿ "ತಲಿ ಭಾರ ಆಗ್ಯಾದ", "ಜೀವ ಘಾಬರಿ ಆಗ್ತದ", "ರಾತ್ರಿ ನಿದ್ದಿ ಹತ್ತವಲ್ದು" ಅನ್ನುತ್ತಾರೆ. ತೀರಾ ಹೆಚ್ಚಾದರೆ "ಭಾಳ ಫಿಕರ್ ಹತ್ಯಾದ". ಹಾಗಾದರೆ ಪುಸ್ತಕದ ಪದಗಳು ಎಲ್ಲಿ ಬೆಳೆದವು?

ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನೋವಿಜ್ಞಾನ ವಿಭಾಗ ಶುರುವಾಗಿದ್ದು 1924ರಲ್ಲಿ. ಅದನ್ನು ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ. ಹೌದು, 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ರೇಡಿಯೋ ನಿಲಯ ಆರಂಭಿಸಿದವರೇ ಇವರು! ಅತ್ತ ಧಾರವಾಡದ ಕಡೆ ವಿ.ವಿ. ಕಾಮತರು, ಫ್ರಾನ್ಸಿನಲ್ಲಿ ಬಿನೆ 1905ರಲ್ಲಿ ರೂಪಿಸಿದ್ದ ಬುದ್ಧಿ ಪರೀಕ್ಷೆಯನ್ನು ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿ 1934ರಲ್ಲಿ ಪ್ರಕಟಿಸಿದರು. ಬಿನೆ-ಕಾಮತ್ ಪರೀಕ್ಷೆ ದಶಕಗಟ್ಟಲೆ ಬಳಕೆಯಲ್ಲಿ ಉಳಿಯಿತು. ಬೆಂಗಳೂರಿನ ಡಾಕ್ಟರು ಎಂ. ಶಿವರಾಂ, ಅಂದರೆ 'ಕೊರವಂಜಿ'ಯ ರಾಶಿ, ಮನೋರೋಗದ ಬಗ್ಗೆ ಬರೆದ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಜನರನ್ನು ನಗಿಸಿದವರೇ ಮನೋರೋಗವನ್ನೂ ಕನ್ನಡದಲ್ಲಿ ಬಿಡಿಸಿ ಹೇಳಿದರು.

ಮೈಸೂರು, ಧಾರವಾಡ, ಬೆಂಗಳೂರು. ಬೀದರ್ ಕಡೆಯವರು 1948ರವರೆಗೆ ನಿಜಾಮನ ಆಡಳಿತದಲ್ಲಿದ್ದೆವು, ಶಾಲೆಯೂ ಉರ್ದುವಿನಲ್ಲಿ. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಪದಗಳು ಸಿದ್ಧವಾಗುವಾಗ ನಾವು ಬೇರೆ ರಾಜ್ಯದವರು.

ಇದೇನು ಮಹಾ, ಬರೀ ಪದ ತಾನೆ ಅನ್ನಬಹುದು. ಆದರೆ ಇಲ್ಲಿ ಒಂದೇ ಪದಕ್ಕೆ ಎರಡು ಕೆಲಸ. ಸಂಶೋಧಕನಿಗೆ ಖಿನ್ನತೆ ಒಂದು ಅಳತೆ. ಕನಿಷ್ಠ ಎರಡು ವಾರ ಮನಸ್ಸು ಕುಗ್ಗಿರಬೇಕು ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಂತಾಗಿರಬೇಕು, ಜೊತೆಗೆ ನಿದ್ದೆ, ಹಸಿವು, ಶಕ್ತಿಯಲ್ಲಿ ಏರುಪೇರು ಇತ್ಯಾದಿ. ಹ್ಯಾಮಿಲ್ಟನ್ 1960ರಲ್ಲಿ ಮಾಡಿದ ಮಾಪನದಲ್ಲಿ ನಿದ್ದೆಯೊಂದಕ್ಕೇ ಮೂರು ಅಂಶಗಳಿವೆ. ಚಿಕಿತ್ಸೆಯಲ್ಲಿ ಅದೇ ಪದ, ನೋವಿರುವವರು ಮಾತು ಶುರು ಮಾಡುವ ಬಾಗಿಲು. "ನಿಮಗೆ ಖಿನ್ನತೆ ಇದೆಯಾ?" ಅಂತ ಕೇಳಿದರೆ ಹುಲಸೂರಿನ ಅವ್ವ "ಇಲ್ಲಪ್ಪ" ಅನ್ನುತ್ತಾಳೆ. "ನಿದ್ದಿ ಹತ್ತತದೇನವ್ವ?" ಅಂದರೆ ಒಂದು ತಾಸು ಮಾತಾಡುತ್ತಾಳೆ. ಆ ಮಾತು ಕೇಳದೆ ತಲೆನೋವಿನ ಗುಳಿಗೆ ಕೊಟ್ಟು ಕಳಿಸಿದರೆ ಅವಳ ಕಾಯಿಲೆ ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

'ಅಕ್ಷರ ಬಾರದವರಿಗೆ ಮನಸ್ಸಿನ ಮಾತು ಆಡಲು ಬರುವುದಿಲ್ಲ, ಅದಕ್ಕೇ ಮೈ ನೋವು ಹೇಳುತ್ತಾರೆ' ಎಂದು ಕೆಲವರು ವಾದಿಸುತ್ತಾರೆ. ನನಗೆ ಒಪ್ಪಿಗೆಯಿಲ್ಲ. ರಘುರಾಮ್, ವೈಸ್, ಚನ್ನಬಸವಣ್ಣ ಮತ್ತು ಡೆವಿನ್ಸ್ ಬೆಂಗಳೂರಿನಲ್ಲಿ 80 ರೋಗಿಗಳನ್ನು ಮಾತಾಡಿಸಿ 1996ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಖಿನ್ನತೆಯ ಲಕ್ಷಣ ಹೆಚ್ಚಿದ್ದವರಲ್ಲಿ ಕಳಂಕದ ಭಾವನೆ ಹೆಚ್ಚು, ಮೈ ತೊಂದರೆ ಹೆಚ್ಚಿದ್ದವರಲ್ಲಿ ಕಡಿಮೆ. ಮೈ ನೋವು ಯಾರಿಗಾದರೂ ಬರುವಂಥದ್ದು, ಮನಸ್ಸಿನದು ಗೊತ್ತಾದರೆ ಮದುವೆ-ಮುಂಜಿಗೆ ಅಡ್ಡಿ. ಅಂದಮೇಲೆ "ತಲಿ ಭಾರ" ಅನ್ನುವುದು ಪದ ಗೊತ್ತಿಲ್ಲದವರ ತೊದಲು ಮಾತಲ್ಲ, ಮರ್ಯಾದೆ ಉಳಿಸಿಕೊಂಡೇ ಸಹಾಯ ಕೇಳುವ ದಾರಿ.

ಇದನ್ನು ಅರಿತು ನಡೆದ ಕೆಲಸವೂ ನಮ್ಮ ಭಾಗದಲ್ಲೇ ಆಗಿದೆ. ನಿಮ್ಹಾನ್ಸ್‌ನವರು 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ಕಾರ್ಯಕರ್ತರು ಕಲಿತಿದ್ದು ರೋಗಗಳ ದೊಡ್ಡ ಹೆಸರುಗಳನ್ನಲ್ಲ, ಲಕ್ಷಣ ಗುರುತಿಸುವುದನ್ನು. 1996ರಲ್ಲಿ ಆರಂಭವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. 2022ರ ಅಕ್ಟೋಬರ್‌ನಿಂದ ಟೆಲಿ-ಮಾನಸ್ ಬಂದಿದೆ. 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಆ ಕಡೆ ಫೋನ್ ಎತ್ತುವವರಿಗೆ "ಫಿಕರ್ ಹತ್ಯಾದ" ಅಂದರೆ ಏನಂತ ಗೊತ್ತಿರಬೇಕು, ಅಷ್ಟೇ. ಪಾರಿಭಾಷಿಕ ಪದಕೋಶ ಮಾಡುವವರು ಇಂಗ್ಲಿಷಿನ ಎದುರು ಸಂಸ್ಕೃತದ ಪದ ಇಟ್ಟು ಸುಮ್ಮನಾಗದೆ, ಅದರ ಪಕ್ಕ ಊರೂರಿನ ಮಾತನ್ನೂ ಬರೆದಿಟ್ಟರೆ ಎಷ್ಟೋ ಉಪಯೋಗವಾದೀತು.

ನಿಮ್ಮ ಕಡೆ, ಮಂಗಳೂರು, ಕೋಲಾರ, ಕಾಸರಗೋಡಿನಲ್ಲಿ, ಇದಕ್ಕೆಲ್ಲ ಏನಂತಾರೆ? ಗೊತ್ತಿದ್ದವರು ಕೆಳಗೆ ಬರೆಯಿರಿ, ಪಟ್ಟಿ ಮಾಡೋಣ.