ಪಪ್ಪಾಯಿಯಿಂದ ಪ್ರತಿಕಾಯದವರೆಗೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯಲ್ಲಿ ಯಾರಿಗಾದರೂ ಮಿದುಳಿನ ಗಡ್ಡೆ ಎಂದರೆ ಬೆಂಗಳೂರಿನ ದಾರಿ ಹಿಡಿಯಬೇಕು: ನಿಮ್ಹಾನ್ಸ್, ಇಲ್ಲವೇ ಅದರ ನೆರೆಯ ಕಿದ್ವಾಯಿ.

ಗ್ಲಿಯೋಬ್ಲಾಸ್ಟೋಮಾ ಎಂಬ ಮಿದುಳಿನ ಉಗ್ರ ಗಡ್ಡೆ ವಿಇಜಿಎಫ್ ಎಂಬ ಪ್ರೋಟೀನು ಸ್ರವಿಸಿ ತನಗೆ ಬೇಕಾದ ರಕ್ತನಾಳಗಳನ್ನು ತಾನೇ ಬೆಳೆಸಿಕೊಳ್ಳುತ್ತದೆ. ಅವು ಅಂಕುಡೊಂಕು, ಸೋರುವ ನಾಳಗಳು; ಅದರಿಂದ ಮಿದುಳು ಬಾತುಕೊಳ್ಳುತ್ತದೆ. ಈ ರಕ್ತಪೂರೈಕೆಯನ್ನೇ ತಡೆಯಬಹುದೆಂದು ಬೋಸ್ಟನ್ನಿನ ಶಸ್ತ್ರವೈದ್ಯ ಜುಡಾ ಫೋಕ್‌ಮನ್ 1971ರಲ್ಲಿ ಹೇಳಿದಾಗ ನಂಬಿದವರು ಕಡಿಮೆ. 1989ರಲ್ಲಿ ನೆಪೋಲಿಯೋನ್ ಫೆರಾರಾ ತಂಡ ವಿಇಜಿಎಫ್ ಅನ್ನು ಗುರುತಿಸಿತು. ಅದನ್ನು ಕಟ್ಟಿಹಾಕುವ ಪ್ರತಿಕಾಯ ಬೆವಾಸಿಜುಮ್ಯಾಬ್‌ಗೆ, ಮರುಕಳಿಸಿದ ಗ್ಲಿಯೋಬ್ಲಾಸ್ಟೋಮಾದ ಚಿಕಿತ್ಸೆಗೆಂದು, ಅಮೆರಿಕ 2009ರಲ್ಲಿ ಒಪ್ಪಿಗೆ ಕೊಟ್ಟಿತು.

1978ರಲ್ಲಿ ಪಪ್ಪಾಯಿಯ ಪಪೈನ್ ಕಿಣ್ವ ತಯಾರಿಸುತ್ತ ಶುರುವಾದ ಬೆಂಗಳೂರಿನ ಬಯೋಕಾನ್, 2017ರ ನವೆಂಬರಿನಲ್ಲಿ ಈ ಔಷಧದ ಜೈವಿಕ ಪ್ರತಿರೂಪವನ್ನು ‘ಕ್ರಬೇವಾ’ ಹೆಸರಿನಲ್ಲಿ ಭಾರತದ ಮಾರುಕಟ್ಟೆಗೆ ತಂದಿತು.

ಆದರೆ 2014ರಲ್ಲಿ ಪ್ರಕಟವಾದ ಎರಡು ದೊಡ್ಡ ಪ್ರಯೋಗಗಳಲ್ಲಿ, ಹೊಸದಾಗಿ ಗ್ಲಿಯೋಬ್ಲಾಸ್ಟೋಮಾ ಪತ್ತೆಯಾದವರ ಆಯುಸ್ಸು ಬೆವಾಸಿಜುಮ್ಯಾಬ್‌ನಿಂದ ಹೆಚ್ಚಲಿಲ್ಲ. ಆದರೂ ಬಾವು ಇಳಿಸಲು, ಸ್ಟೀರಾಯ್ಡ್ ತಗ್ಗಿಸಲು ವೈದ್ಯರು ಇಂದಿಗೂ ಇದನ್ನು ಬಳಸುತ್ತಾರೆ.