ಸರಿಯಿದೆ ಅಂತ ಇಟ್ಕೊಳ್ಳೋಣ

ಬ್ರಿಟನ್ನಿನ ಪೋಸ್ಟ್ ಆಫೀಸ್ ಹಗರಣದ ಬಗ್ಗೆ ನೀವು ಕೇಳಿರ್ತೀರಿ. 2024ರ ಜನವರಿಯಲ್ಲಿ ಐಟಿವಿ ಚಾನೆಲ್ ಅದರ ಮೇಲೆ ನಾಲ್ಕು ಕಂತಿನ ಧಾರಾವಾಹಿ ತೋರಿಸಿದಾಗ ಇಡೀ ದೇಶ ಎದ್ದು ಕೂತಿತು. ಅದೇ ಮೇ ತಿಂಗಳಲ್ಲಿ ಪಾರ್ಲಿಮೆಂಟು ಒಂದು ಕಾಯ್ದೆ ಮಾಡಿ ನೂರಾರು ಜನರನ್ನು ಒಂದೇ ಏಟಿಗೆ ನಿರಪರಾಧಿಗಳನ್ನಾಗಿ ಮಾಡಿತು. ಕೋರ್ಟು ಕೊಟ್ಟ ತೀರ್ಪುಗಳನ್ನು ಪಾರ್ಲಿಮೆಂಟು ಹೀಗೆ ಸಾರಾಸಗಟಾಗಿ ಅಳಿಸೋದು ಅಲ್ಲಿ ಸಣ್ಣ ಮಾತಲ್ಲ.

ಇದನ್ನು ಎಲ್ಲರೂ ಕೆಟ್ಟ ಸಾಫ್ಟ್‌ವೇರಿನ ಕಥೆ ಅಂತ ಹೇಳ್ತಾರೆ. ಸಾಫ್ಟ್‌ವೇರ್ ಬರೆದೇ ಹೊಟ್ಟೆ ಹೊರೆಯುವ ನನಗೆ ಆ ವಿವರಣೆ ಸಾಲದು ಅನ್ನಿಸುತ್ತೆ. ಬಗ್ ಇಲ್ಲದ ಸಾಫ್ಟ್‌ವೇರ್ ಭೂಮಿ ಮೇಲೆಲ್ಲಿದೆ? ಬಗ್ಗಿನಿಂದ ಲೆಕ್ಕ ತಪ್ಪುತ್ತೆ, ಗ್ರಾಹಕ ಬಯ್ತಾನೆ, ಪ್ಯಾಚ್ ಹೋಗುತ್ತೆ. ತಪ್ಪಿದ ಲೆಕ್ಕ ಜೈಲು ಶಿಕ್ಷೆಯಾಗಬೇಕಾದರೆ ನಡುವೆ ಕಾನೂನು ಬರಬೇಕು. ಹಾಗೆ ಬಂದ ಕಾನೂನಿನ ಚರಿತ್ರೆ ಇದು.

1984ರಲ್ಲಿ ಬ್ರಿಟನ್ ಪೊಲೀಸ್ ಮತ್ತು ಕ್ರಿಮಿನಲ್ ಸಾಕ್ಷ್ಯ ಕಾಯ್ದೆ ತಂದಿತು. ಅದರ 69ನೇ ಕಲಂ ಹೇಳಿದ್ದು ಇಷ್ಟು: ಕಂಪ್ಯೂಟರ್ ಕೊಟ್ಟ ದಾಖಲೆಯನ್ನು ಕ್ರಿಮಿನಲ್ ಕೇಸಿನಲ್ಲಿ ಸಾಕ್ಷಿಯಾಗಿ ತರಬೇಕಾದರೆ, ಆ ಹೊತ್ತಿನಲ್ಲಿ ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡ್ತಿತ್ತು ಅಂತ ತಂದವರೇ ತೋರಿಸಬೇಕು. ಆಗಿನ್ನೂ ಕಂಪ್ಯೂಟರ್ ಅಂದ್ರೆ ಜನಕ್ಕೆ ಅನುಮಾನವಿದ್ದ ಕಾಲ.

ಆ ಅನುಮಾನ ಬೇಗ ಸವೆಯಿತು. 1993ರಲ್ಲಿ ಅಂಗಡಿಗಳ್ಳತನದ ಒಂದು ಕೇಸು ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಯಿತು. ಬಿಲ್ಲಿಂಗ್ ಯಂತ್ರದ ರೋಲು ಸರಿಯಿದೆ ಅಂತ ಹೇಳಿದ್ದು ಆ ಅಂಗಡಿಯ ಪತ್ತೇದಾರಿಣಿ. ಕಂಪ್ಯೂಟರ್ ತಜ್ಞರೇ ಬೇಕಿಲ್ಲ, ಅದರ ಕೆಲಸ ಬಲ್ಲವರು ಹೇಳಿದರೆ ಸಾಕು ಅಂತ ನ್ಯಾಯಾಧೀಶರು ಒಪ್ಪಿದರು. ಅಂಗಡಿಯ ರೋಲಿಗೆ ಅದು ಸರಿಯೇ ಇರಬಹುದು. ಆದರೆ ಹಾಗೆ 69ನೇ ಕಲಂ ಬರೀ ಶಾಸ್ತ್ರವಾಗುತ್ತಾ ಬಂತು.

ಕಂಪ್ಯೂಟರ್‌ಗಳು ಎಲ್ಲೆಲ್ಲೂ ಬಂದಮೇಲೆ ಪ್ರತಿ ಕೇಸಿನಲ್ಲೂ ಇದನ್ನು ಸಾಬೀತು ಮಾಡೋದು ತಲೆನೋವು ಅಂತ ದೂರು ಬಂತು. 1997ರಲ್ಲಿ ಅಲ್ಲಿನ ಕಾನೂನು ಆಯೋಗ ಈ ಕಲಂ ತೆಗೆದುಬಿಡಿ ಅಂದಿತು. ಕಂಪ್ಯೂಟರಿನ ಹೆಚ್ಚಿನ ತಪ್ಪುಗಳು ಒಂದೋ ತಕ್ಷಣ ಗೊತ್ತಾಗುತ್ತವೆ, ಇಲ್ಲಾ ಒಳಗೆ ಹಾಕಿದ ಮಾಹಿತಿಯೇ ತಪ್ಪಿರುತ್ತೆ ಅನ್ನೋದು ಅದರ ಒಂದು ವಾದ. ಒಂದು ವರ್ಷ ಪ್ರೊಡಕ್ಷನ್ ಸಪೋರ್ಟ್ ಮಾಡಿದ ಯಾರನ್ನಾದರೂ ಕೇಳಿದ್ದರೆ ಈ ವಾಕ್ಯ ಕೇಳಿ ನಕ್ಕಿರೋರು. ನಮ್ಮ ನಿದ್ದೆ ಕೆಡಿಸೋದೇ ತಕ್ಷಣ ಗೊತ್ತಾಗದ, ಆಗೊಮ್ಮೆ ಈಗೊಮ್ಮೆ ಬಂದು ಮಾಯವಾಗುವ ತಪ್ಪುಗಳು.

1999ರಲ್ಲಿ ಪಾರ್ಲಿಮೆಂಟು 69ನೇ ಕಲಂ ರದ್ದು ಮಾಡಿತು. 2000ದ ಏಪ್ರಿಲ್‌ನಲ್ಲಿ ಅದು ಜಾರಿಗೆ ಬಂತು. ಖಾಲಿ ಜಾಗಕ್ಕೆ ಹಳೇ ನಿಯಮವೊಂದು ಬಂದು ಕೂತಿತು. ಯಂತ್ರ ಸರಿಯಾಗಿತ್ತು ಅಂತಲೇ ಇಟ್ಕೊಳ್ಳೋಣ, ಇಲ್ಲ ಅನ್ನೋರು ಪುರಾವೆ ತರಲಿ ಅನ್ನೋ ನಿಯಮ. ಟ್ರಾಫಿಕ್ ಸಿಗ್ನಲ್ಲು, ಗಡಿಯಾರಗಳ ಕಾಲದ್ದು. ಸಿಗ್ನಲ್ ಕೆಟ್ಟಿದ್ದರೆ ರಸ್ತೆಯಲ್ಲಿದ್ದ ನಾಲ್ಕು ಜನಕ್ಕೆ ಕಾಣುತ್ತೆ, ಅವರನ್ನು ಕರೆಸಬಹುದು. ಸರ್ವರ್ ಒಳಗೆ ಕೆಟ್ಟಿದ್ದು ಯಾರಿಗೆ ಕಾಣುತ್ತೆ?

ಸರಿಯಾಗಿ ಅದೇ 1999-2000ದಲ್ಲಿ ಪೋಸ್ಟ್ ಆಫೀಸು ತನ್ನ ಶಾಖೆಗಳಿಗೆ ಹೊರೈಜನ್ ಅನ್ನೋ ಸಿಸ್ಟಂ ಹಾಕುತ್ತಿತ್ತು. ಕಟ್ಟಿದ್ದು ಫುಜಿತ್ಸು ಒಡೆತನದ ಐಸಿಎಲ್.

ಅಲ್ಲಿನ ಸಬ್ ಪೋಸ್ಟ್‌ಮಾಸ್ಟರ್ ಸರ್ಕಾರಿ ನೌಕರ ಅಲ್ಲ. ಊರಲ್ಲೊಂದು ಅಂಗಡಿ, ಅದರ ಮೂಲೆಯಲ್ಲಿ ಅಂಚೆ ಕೌಂಟರು, ಗುತ್ತಿಗೆ ಮೇಲೆ ಕೆಲಸ. ನಮ್ಮ ಹಳ್ಳಿಗಳಲ್ಲಿ ಯಾರದೋ ಮನೆ ಜಗುಲಿಯಲ್ಲಿ ನಡೆಯುವ ಬ್ರಾಂಚ್ ಪೋಸ್ಟ್ ಆಫೀಸ್ ನೆನಪಿಸಿಕೊಳ್ಳಿ, ಊರಿನವರ ಜೊತೆ ಹೆಚ್ಚೂಕಮ್ಮಿ ಅದೇ ಸಲಿಗೆ, ಅದೇ ನಂಬಿಕೆ. ಹೊರೈಜನ್ ಪರದೆ ಮೇಲೆ ದುಡ್ಡು ಕಡಿಮೆ ಅಂತ ತೋರಿಸಿದರೆ ತುಂಬಿಕೊಡಿ ಅಂತ ಅವರ ಮೇಲೇ ಬರೋದು.

ಹ್ಯಾಂಪ್‌ಶೈರ್‌ನ ಸೌತ್ ವಾರ್ನ್‌ಬರೋ ಊರಿನ ಜೋ ಹ್ಯಾಮಿಲ್ಟನ್ ಸಹಾಯವಾಣಿ ಹೇಳಿದಂತೆ ಮಾಡಿದಾಗ ಎರಡು ಸಾವಿರ ಪೌಂಡ್ ಕೊರತೆ ಕಣ್ಣೆದುರೇ ನಾಲ್ಕು ಸಾವಿರವಾಯಿತು. ಕೊನೆಗೆ 36,000 ಪೌಂಡ್ ಕದ್ದ ಆರೋಪ. ಕಳ್ಳತನದ ಆರೋಪ ಕೈಬಿಡ್ತಾರೆ ಅಂತ ಸುಳ್ಳು ಲೆಕ್ಕ ಬರೆದೆ ಅಂತ ಒಪ್ಪಿಕೊಂಡರು. ದುಡ್ಡು ತುಂಬೋಕೆ ಊರಿನವರೇ ಕೈಜೋಡಿಸಿದರು. ಬ್ರಿಡ್ಲಿಂಗ್ಟನ್‌ನ ಲೀ ಕ್ಯಾಸಲ್ಟನ್ ಸಹಾಯವಾಣಿಗೆ 91 ಸಲ ಫೋನ್ ಮಾಡಿದ್ದರು. ಸುಮಾರು 25,000 ಪೌಂಡಿನ ಸಿವಿಲ್ ಕೇಸಿನಲ್ಲಿ ವಕೀಲರಿಲ್ಲದೆ ತಾವೇ ವಾದಿಸಿ ಸೋತು, ಎದುರು ಪಕ್ಷದ 3,21,000 ಪೌಂಡ್ ಖರ್ಚು ಹೊತ್ತು, ದಿವಾಳಿಯಾದರು. ಭಾರತ ಮೂಲದ ಸೀಮಾ ಮಿಶ್ರಾ ಸರ್ರೆಯ ವೆಸ್ಟ್ ಬೈಫ್ಲೀಟ್‌ನಲ್ಲಿ ಅಂಚೆ ಕಚೇರಿ ನಡೆಸ್ತಿದ್ದರು. 2010ರ ನವೆಂಬರಿನಲ್ಲಿ ಮಗನ ಹತ್ತನೇ ಹುಟ್ಟುಹಬ್ಬದ ದಿನ, ಎರಡು ತಿಂಗಳ ಬಸುರಿಯಾಗಿದ್ದ ಅವರನ್ನು ಜೈಲಿಗೆ ಕಳಿಸಿದರು.

1999ರಿಂದ 2015ರವರೆಗೆ ಹೀಗೆ 900ಕ್ಕೂ ಹೆಚ್ಚು ಜನಕ್ಕೆ ಶಿಕ್ಷೆಯಾಯಿತು. ಅದರಲ್ಲಿ ಸುಮಾರು 700 ಕೇಸು ಪೋಸ್ಟ್ ಆಫೀಸೇ ಹಾಕಿದ್ದು. ಇಂಗ್ಲೆಂಡಿನಲ್ಲಿ ಖಾಸಗಿಯಾಗಿ ಕ್ರಿಮಿನಲ್ ಕೇಸು ನಡೆಸಲು ಅವಕಾಶವಿದೆ. ಹಾಗಾಗಿ ದುಡ್ಡು ಹೋಯಿತು ಅಂದೋರೂ ಅವರೇ, ತನಿಖೆ ಮಾಡಿದೋರೂ ಅವರೇ, ಕೋರ್ಟಿನಲ್ಲಿ ಕೇಸು ನಡೆಸಿದೋರೂ ಅವರೇ.

ಈಗ ಆ ಹಳೇ ನಿಯಮ ಇಲ್ಲಿ ಹೇಗೆ ಕೆಲಸ ಮಾಡಿತು ನೋಡಿ. ಹೊರೈಜನ್ ಸರಿಯಿಲ್ಲ ಅಂತ ಸೀಮಾ ಮಿಶ್ರಾ ತೋರಿಸಬೇಕು. ತೋರಿಸೋಕೆ ಡೇಟಾ ಬೇಕು. ಡೇಟಾ ಇರೋದು ಫುಜಿತ್ಸು ಹತ್ತಿರ, ಕೊಡಿಸಬೇಕಾದ್ದು ಪೋಸ್ಟ್ ಆಫೀಸು. ಅವರ ಪರ ತಜ್ಞರಿಗೆ ಬೇಕಾದದ್ದು ಪೂರ್ತಿ ಸಿಗಲೇ ಇಲ್ಲ. ಆ ಕಡೆ ಫುಜಿತ್ಸು ಒಳಗೆ, ಗೊತ್ತಿರುವ ದೋಷಗಳನ್ನೆಲ್ಲ ಬರೆದಿಟ್ಟ ಪಟ್ಟಿಯೇ ಇತ್ತು. ಶಾಖೆಯ ಲೆಕ್ಕದೊಳಗೆ ಪೋಸ್ಟ್‌ಮಾಸ್ಟರಿಗೆ ತಿಳಿಯದಂತೆ ದೂರದಿಂದಲೇ ವಹಿವಾಟು ಸೇರಿಸುವ ಅನುಕೂಲವೂ ಅವರ ಸಿಬ್ಬಂದಿಗಿತ್ತು. ನಮ್ಮ ಆಫೀಸುಗಳಲ್ಲಿ ಪ್ರೊಡಕ್ಷನ್ ಡೇಟಾಬೇಸಿಗೆ ಕೈಹಾಕುವ ಅಧಿಕಾರ ಯಾರ್ಯಾರಿಗಿದೆ ಅಂತ ತಿಂಗಳು ತಿಂಗಳು ಆಡಿಟ್ ಮಾಡ್ತಾರಲ್ಲ, ಅದು ಸುಮ್ಮನೆ ಅಲ್ಲ.

2013ರಲ್ಲಿ ಪೋಸ್ಟ್ ಆಫೀಸಿನದೇ ವಕೀಲರೊಬ್ಬರು, ನಮ್ಮ ತಜ್ಞ ಸಾಕ್ಷಿ ತಮಗೆ ಗೊತ್ತಿದ್ದ ಬಗ್‌ಗಳನ್ನು ಕೋರ್ಟಿಗೆ ಹೇಳಿಲ್ಲ ಅಂತ ಲಿಖಿತ ಸಲಹೆ ಕೊಟ್ಟರು. ಅದು ಶಿಕ್ಷೆಯಾದವರ ಕೈಗೆ ಬರೋಕೆ 2020 ಆಗಬೇಕಾಯಿತು. ವೇಲ್ಸಿನ ಅಲನ್ ಬೇಟ್ಸ್ ಮುಂದಾಳತ್ವದಲ್ಲಿ 555 ಜನ ಹಾಕಿದ ದಾವೆಯಲ್ಲಿ, 2019ರ ಡಿಸೆಂಬರಿನಲ್ಲಿ ನ್ಯಾಯಮೂರ್ತಿ ಫ್ರೇಸರ್ ಹೊರೈಜನ್ನಿನಲ್ಲಿ ದೋಷಗಳಿದ್ದವು ಅಂತ ತೀರ್ಪು ಕೊಟ್ಟರು. 2021ರ ಏಪ್ರಿಲ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಹ್ಯಾಮಿಲ್ಟನ್, ಮಿಶ್ರಾ ಸೇರಿ 39 ಜನರ ಶಿಕ್ಷೆ ರದ್ದು ಮಾಡಿತು. ಕನಿಷ್ಠ 13 ಜನ ಈ ಕಾರಣಕ್ಕೆ ಜೀವ ಕಳೆದುಕೊಂಡಿರಬಹುದು ಅಂತ ಸರ್ ವಿನ್ ವಿಲಿಯಮ್ಸ್ ವಿಚಾರಣೆಯ 2025ರ ಜುಲೈ ವರದಿ ಹೇಳುತ್ತೆ. ಯಾವ ಕಾಯ್ದೆಯೂ ಅವರನ್ನು ವಾಪಸ್ ತರಲ್ಲ.

ಇಷ್ಟೆಲ್ಲ ಆದರೂ ಯಂತ್ರ ಸರಿಯಿದೆ ಅಂತ ಇಟ್ಕೊಳ್ಳುವ ಆ ನಿಯಮ ತಾನಾಗಿ ಹೋಗಲಿಲ್ಲ. ಅದನ್ನು ಬದಲಿಸಬೇಕೇ ಅಂತ ಬ್ರಿಟಿಷ್ ಸರ್ಕಾರ ಜನರ ಅಭಿಪ್ರಾಯ ಕೇಳಿದ್ದು 2025ರ ಜನವರಿಯಲ್ಲಿ.

ಇನ್ನು ನಮ್ಮ ದೇಶ. ಬ್ರಿಟನ್ 69ನೇ ಕಲಂ ಬಿಟ್ಟ ಅದೇ 2000ದ ಅಕ್ಟೋಬರಿನಲ್ಲಿ ನಮ್ಮ ಐಟಿ ಕಾಯ್ದೆ ಜಾರಿಯಾಗಿ, ಸಾಕ್ಷ್ಯ ಕಾಯ್ದೆಗೆ 65ಬಿ ಕಲಂ ಸೇರಿತು. ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡ್ತಿತ್ತು ಅಂತ ಪ್ರಮಾಣಪತ್ರ ಬೇಕು ಅನ್ನೋ ಈ ಕಲಂ ಬ್ರಿಟನ್ನಿನದೇ 1968ರ ಸಿವಿಲ್ ಸಾಕ್ಷ್ಯ ಕಾಯ್ದೆಯ ಮಾತುಗಳನ್ನು ಹೋಲುತ್ತೆ. ಅದನ್ನು ಅವರು 1995ರಲ್ಲೇ ಕೈಬಿಟ್ಟಿದ್ದರು. ಅವರು ಎಸೆದದ್ದನ್ನು ನಾವು ಎತ್ತಿಕೊಂಡೆವು ಅಂತ ಆಡಿಕೊಂಡವರಿದ್ದಾರೆ. ಹೊರೈಜನ್ ಆದಮೇಲೆ ನೋಡಿದರೆ ಎತ್ತಿಕೊಂಡದ್ದು ಅಷ್ಟೇನೂ ಕೆಟ್ಟದ್ದಲ್ಲ. 2014ರಲ್ಲಿ ಅನ್ವರ್ ಕೇಸಿನಲ್ಲೂ 2020ರಲ್ಲಿ ಅರ್ಜುನ್ ಪಂಡಿತ್‌ರಾವ್ ಕೇಸಿನಲ್ಲೂ ಸುಪ್ರೀಂ ಕೋರ್ಟು, ಮೂಲ ಸಾಧನವನ್ನೇ ತರದಿದ್ದರೆ ಪ್ರಮಾಣಪತ್ರ ಬೇಕೇ ಬೇಕು ಅಂದಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತಜ್ಞರ ಸಹಿ, ಫೈಲಿನ ಹ್ಯಾಶ್ ಸಂಖ್ಯೆ ಎರಡನ್ನೂ ಕೇಳುತ್ತೆ.

ಆದರೆ ಇದರಿಂದ ಸೀಮಾ ಮಿಶ್ರಾ ಉಳೀತಿದ್ದರಾ? ನನಗೆ ಅನುಮಾನ. ಹ್ಯಾಶ್ ಹೇಳೋದು ಫೈಲನ್ನು ಆಮೇಲೆ ಯಾರೂ ತಿದ್ದಿಲ್ಲ ಅಂತ ಮಾತ್ರ. ಒಳಗಿರುವ ಮೊತ್ತ ಮೊದಲೇ ತಪ್ಪಿದ್ದರೆ, ತಪ್ಪಾದ ಮೊತ್ತಕ್ಕೂ ಅಚ್ಚುಕಟ್ಟಾದ ಹ್ಯಾಶ್ ಬರುತ್ತೆ. ಸರಿಯಾಗಿ ಕೆಲಸ ಮಾಡ್ತಿತ್ತು ಅನ್ನೋ ಸಿದ್ಧ ನಮೂನೆಗೆ ಸಹಿ ಹಾಕೋಕೆ ಹೊರೈಜನ್ ಕೇಸಿನಲ್ಲೂ ಜನ ಸಿಗ್ತಿದ್ದರು. 69ನೇ ಕಲಂ ಸವೆದದ್ದೂ ಹೀಗೇ ತಾನೆ?

ಹಾಗಾಗಿ ಕೋರ್ಟು ಕೇಳಬೇಕಾದ ಪ್ರಶ್ನೆಗಳು ಬೇರೆ. ಆ ಅವಧಿಯ ಬಗ್ ಪಟ್ಟಿ ಎಲ್ಲಿ? ದೂರದಿಂದ ಡೇಟಾ ತಿದ್ದುವ ಅಧಿಕಾರ ಯಾರಿಗಿತ್ತು? ತಿದ್ದಿದ್ದರ ಲಾಗ್ ಎಲ್ಲಿ? ಸಿಸ್ಟಂ ಯಾರ ಕೈಯಲ್ಲಿದೆಯೋ ಅವರೇ ಇವನ್ನು ತಂದಿಡಬೇಕು, ತರದಿದ್ದರೆ ಅವರ ಲೆಕ್ಕವನ್ನು ನಂಬಬಾರದು. ಸಾಫ್ಟ್‌ವೇರ್ ಕಂಪನಿಗೆ ಇದೇನು ಹೊಸ ಹೊರೆಯಲ್ಲ, ಮೂರೂ ನಮ್ಮ ಸಿಸ್ಟಂಗಳಲ್ಲಿ ಇದ್ದೇ ಇರುತ್ತೆ.

ಈಗ ನಮ್ಮ ಹಳ್ಳಿ ಅಂಚೆ ಕಚೇರಿಗೂ ಕೈಯಲ್ಲಿ ಹಿಡಿಯುವ ಯಂತ್ರ ಬಂದಿದೆ, ರೇಷನ್ ಅಂಗಡಿಗೂ ಬಂದಿದೆ. ನಾಳೆ ಅಲ್ಲಿ ಕೂತವರೊಬ್ಬರು 'ಸಾರ್, ನಾನು ದುಡ್ಡು ಮುಟ್ಟಿಲ್ಲ' ಅಂದಾಗ, ಅದನ್ನು ಸಾಬೀತು ಮಾಡುವ ಲಾಗ್ ಅವರ ಹತ್ತಿರ ಇರಲ್ಲ. ನಮ್ಮಂಥೋರು ನೋಡಿಕೊಳ್ಳುವ ಯಾವುದೋ ಸರ್ವರಿನಲ್ಲಿರುತ್ತೆ. ಮುಂದಿನ ಸಲ ಬಗ್ ಟಿಕೆಟ್ ಒಂದನ್ನು 'ಮತ್ತೆ ಕಾಣಿಸಲಿಲ್ಲ' ಅಂತ ಬರೆದು ಮುಚ್ಚುವ ಮೊದಲು ಇದು ನೆನಪಿರಲಿ.