ಗುಡ್ಡದಲ್ಲಿ ಗೌರವ, ದವಾಖಾನೆಯಲ್ಲಿ?

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಜನರಿಗೆ ಜೋಗಪ್ಪಗಳು ಹೊಸಬರಲ್ಲ. ಗಂಡಾಗಿ ಹುಟ್ಟಿ, ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ಸೀರೆಯುಟ್ಟವರು ಇವರು. ಸವದತ್ತಿಯ ಗುಡ್ಡದಲ್ಲಿ ಇವರ ಕೈಯಿಂದ ಭಂಡಾರ ಹಚ್ಚಿಸಿಕೊಳ್ಳುವ ಭಕ್ತರುಂಟು. ಆದರೆ ಈ ಗೌರವ ದೇವಿಗೆ ಸಲ್ಲುವಂಥದು. ದೇವಿಯ ಆಸರೆ ಇಲ್ಲದೆ, ತಾನು ಉಳಿದವರಂತಲ್ಲ ಎಂದು ಅರಿತ ಹದಿನಾರರ ಹುಡುಗನೋ ಹುಡುಗಿಯೋ ಯಾರ ಬಳಿ ಹೋಗಬೇಕು?

ವೈದ್ಯರ ಬಳಿ ಎನ್ನೋಣವೆಂದರೆ, ವೈದ್ಯಶಾಸ್ತ್ರವೇ ಬಹುಕಾಲ ಸಲಿಂಗ ಆಕರ್ಷಣೆಯನ್ನು ರೋಗವೆಂದು ಕಲಿಸಿತ್ತು. ಅಮೆರಿಕದ ಮನೋವೈದ್ಯರ ಸಂಘ 1973ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ಅದನ್ನು ರೋಗಗಳ ಪಟ್ಟಿಯಿಂದ ಕೈಬಿಟ್ಟವು. ನಮ್ಮ ಪಠ್ಯಪುಸ್ತಕಗಳು ಮಾತ್ರ ಹಿಂದೆಯೇ ಉಳಿದವು.

ಸ್ವಾರಸ್ಯವೆಂದರೆ, ಹೊಸ ಪಾಠ ಮೊದಲು ತಲುಪಿದ್ದು ಹಳ್ಳಿಯ ಹುಡುಗರಿಗೆ. ಹದಿಹರೆಯದವರ ಆರೋಗ್ಯ ಕಾರ್ಯಕ್ರಮದಡಿ ಊರಿನ ಹುಡುಗ ಹುಡುಗಿಯರನ್ನೇ ಸಲಹೆಗಾರರನ್ನಾಗಿ ತರಬೇತುಗೊಳಿಸಲು ಕೇಂದ್ರ ಆರೋಗ್ಯ ಸಚಿವಾಲಯ 2017ರಲ್ಲಿ 'ಸಾಥಿಯಾ' ಎಂಬ ಕೈಪಿಡಿಗಳನ್ನು ಹೊರತಂದಿತು. ತನ್ನದೇ ಲಿಂಗದವರ ಮೇಲೂ ಆಕರ್ಷಣೆ ಮೂಡಬಹುದು, ಅದು ತಪ್ಪಲ್ಲ ಎಂಬುದು ಅದರಲ್ಲಿತ್ತು. ಆಗಿನ್ನೂ ದಂಡಸಂಹಿತೆಯ 377ನೇ ಕಲಂ ಜಾರಿಯಲ್ಲಿತ್ತು! ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2018ರ ಸೆಪ್ಟೆಂಬರ್ 6ರಂದು.

ವೈದ್ಯರ ಸರದಿ ಬಂದದ್ದು ಆಮೇಲೆ. ಲಿಂಗತ್ವ ಅಲ್ಪಸಂಖ್ಯಾತರಿಗಾಗಿ ಬಂದ 2019ರ ಕಾಯಿದೆ, ವೈದ್ಯಕೀಯ ಪಠ್ಯಕ್ರಮವನ್ನು ಪರಿಶೀಲಿಸಬೇಕೆಂದಿತು. 2021ರಲ್ಲಿ ಮದ್ರಾಸ್ ಹೈಕೋರ್ಟು, ಇಂಥವರನ್ನು 'ಸರಿಪಡಿಸುವ' ಚಿಕಿತ್ಸೆಯನ್ನು ನಿಷೇಧಿಸಿ, ಪೊಲೀಸರು, ವೈದ್ಯರು, ಶಿಕ್ಷಕರೇ ಮೊದಲಾದವರಿಗೆ ತಿಳಿವಳಿಕೆ ನೀಡುವಂತೆ ಆದೇಶಿಸಿತು. ಅಂಥ ಚಿಕಿತ್ಸೆ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಸಾರಿತು. ಆದರೆ 2024ರ ಆಗಸ್ಟ್‌ನಲ್ಲಿ ಅದೇ ಆಯೋಗದ ಪಠ್ಯಕ್ರಮದಲ್ಲಿ ಹೆಣ್ಣು-ಹೆಣ್ಣಿನ ಸಂಬಂಧವು 'ಅಸಹಜ ಅಪರಾಧ'ಗಳ ಸಾಲಿಗೆ ಮರಳಿ ಸೇರಿತ್ತು. ವಿರೋಧ ಬಂದ ಮೇಲೆ ಸೆಪ್ಟೆಂಬರ್‌ನಲ್ಲಿ ಅದನ್ನು ಹಿಂದೆಗೆದುಕೊಳ್ಳಲಾಯಿತು. ಹಳೆಯ ಪಾಠ ಅಷ್ಟು ಬೇಗ ಅಳಿಯದು.

ಹಾಗಾದರೆ ತರಬೇತಿಯಲ್ಲಿ ಕಲಿಸುವುದಾದರೂ ಏನು? ಬಂದವರನ್ನು ಅವರು ಹೇಳಿದ ಹೆಸರಿನಿಂದಲೇ ಕರೆಯುವುದು, ಕೇಳಿದ ಗುಟ್ಟನ್ನು ಓಣಿಗೆ ಬಿಡದಿರುವುದು, ಜ್ವರಕ್ಕೆ ಬಂದವರಿಗೆ ಜ್ವರದ ಔಷಧ ಕೊಡುವುದು, ಮದುವೆ ಮಾಡಿದರೆ ಸರಿಹೋದೀತೆಂಬ ಸಲಹೆ ಕೊಡದಿರುವುದು, ಹೆತ್ತವರ ಅಂಜಿಕೆಯನ್ನೂ ತಾಳ್ಮೆಯಿಂದ ಕೇಳುವುದು.

ದೆಹಲಿಯ ಸುತ್ತೋಲೆ ಹಳ್ಳಿ ಮುಟ್ಟುವುದು ಆಶಾ ಕಾರ್ಯಕರ್ತೆ, ನರ್ಸ್, ಮೇಷ್ಟರ ಬಾಯಿಂದ. ಗುಡ್ಡದ ಮೇಲೆ ಕೈ ಮುಗಿಯುವ ನಾವು, ದವಾಖಾನೆಯ ಬಾಗಿಲಲ್ಲಿ ನಿಂತ ಅಂಥದೇ ಮಗುವಿಗೆ 'ಬಾ, ಕುಳಿತುಕೋ' ಎನ್ನಲು ದೇವಿಯ ಅಪ್ಪಣೆಗೆ ಕಾಯಬೇಕಿಲ್ಲ.